ಅಲಾರ್ಮ್ ಆಫ್ ಆಯ್ತಂತೆ, ನಾನು ಆರಾಮಾಗಿ ಕೂತಿದ್ದೆ

ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೆಲಸ ಮಾಡ್ತಿದ್ದೆ, ಟೀಮ್ ಗ್ರೂಪಲ್ಲಿ 'ಫೈರ್ ಅಲಾರ್ಮ್ ವೆಂಟ್ ಆಫ್' ಅಂತ ಮೆಸೇಜ್ ಬಂತು. ಆಫ್ ಆಯ್ತಲ್ಲ, ಪೀಡೆ ತೊಲಗ್ತು ಅಂತ ಒಂದು ಥಂಬ್ಸಪ್ ಒತ್ತಿ ಮತ್ತೆ ಕೆಲಸಕ್ಕೆ ಕೂತೆ. ಸ್ವಲ್ಪ ಹೊತ್ತಾದ್ಮೇಲೆ ತಲೆ ಎತ್ತಿದ್ರೆ ಇಡೀ ಫ್ಲೋರಲ್ಲಿ ಒಂದು ನರಪಿಳ್ಳೆ ಇಲ್ಲ. ಕೆಳಗಡೆ ಎಲ್ರೂ ಸಾಲಾಗಿ ನಿಂತು ತಲೆ ಎಣಿಸ್ತಿದ್ದಾರೆ, ಒಂದು ತಲೆ ಕಮ್ಮಿ ಬರ್ತಿದೆ, ಆ ತಲೆ ಮೇಲ್ಗಡೆ ಫ್ಲೋರಲ್ಲಿ ಕೂತು ಥಂಬ್ಸಪ್ ಕಳಿಸಿದೆ! ಪುಣ್ಯಕ್ಕೆ ಅದು ಬರೀ ಡ್ರಿಲ್ಲು.

ನೀವೇ ಹೇಳಿ, ಲೈಟ್ ವೆಂಟ್ ಆಫ್ ಅಂದ್ರೆ ಆರಿಹೋಯ್ತು, ಹಾಲು ವೆಂಟ್ ಆಫ್ ಅಂದ್ರೆ ಕೆಟ್ಟೋಯ್ತು, ಬಾಂಬ್ ಆದ್ರೆ ಸಿಡೀತು, ಅಲಾರ್ಮ್ ಆದ್ರೆ ಬಡ್ಕೊಳ್ತು. ಇದೇನು ಭಾಷೆನಾ ಅಥವಾ ಸೇಡು ತೀರಿಸ್ಕೊಳ್ತಾ ಇರೋದಾ?

ಅದಾಗಿ ಸ್ವಲ್ಪ ದಿನಕ್ಕೆ ಮ್ಯಾನೇಜರ್ ಒಂದು ರಿಪೋರ್ಟ್ ಕಳಿಸಿ ಲುಕ್ ಓವರ್ ಮಾಡಿ ಅಂದ್ರು. ರಾತ್ರಿಯೆಲ್ಲಾ ಕೂತು ಓದಿ, ಬೆಳಿಗ್ಗೆ ಹೆಮ್ಮೆಯಿಂದ 'ಐ ಹ್ಯಾವ್ ಓವರ್‌ಲುಕ್ಡ್ ದಿ ಎಂಟೈರ್ ರಿಪೋರ್ಟ್' ಅಂತ ಮೇಲ್ ಹಾಕ್ದೆ. ಲುಕ್ ಓವರ್ ಅಂದ್ರೆ ಕಣ್ಣಾಡಿಸೋದು, ಅದನ್ನೇ ತಿರುವಿ ಹಾಕಿದ್ರೆ ಕಣ್ಣಿಗೇ ಬೀಳ್ಲಿಲ್ಲ ಅಂತ ಅರ್ಥವಂತೆ. 'ಗೊತ್ತಾಗ್ತಿದೆ' ಅಂತ ಒಂದೇ ಪದದ ಉತ್ತರ ಬಂತು.

ಇನ್ನು ಈ ಇಟ್ ಅನ್ನೋದಿದ್ಯಲ್ಲ, ಅದು ನಡುವಿನ ಸೀಟೇ ಬೇಕು ಅಂತ ಹಠ ಹಿಡಿಯೋ ಮಗು. ಪಿಕ್ ಅಪ್ ದ ಫೋನ್ ಅನ್ನಿ, ಪಿಕ್ ದ ಫೋನ್ ಅಪ್ ಅನ್ನಿ, ಎರಡೂ ಸರಿ, ಆದ್ರೆ ಪಿಕ್ ಅಪ್ ಇಟ್ ಅಂದ್ರೆ ತಪ್ಪು, ಪಿಕ್ ಇಟ್ ಅಪ್ ಅನ್ಬೇಕು. ಸರಿ ಅಂತ ಅದನ್ನ ಬಾಯಿಪಾಠ ಮಾಡ್ಕೊಂಡು ಲುಕ್ ಇಟ್ ಆಫ್ಟರ್ ಅಂದೆ ನೋಡಿ, ಅದೂ ತಪ್ಪಂತೆ, ಅಲ್ಲಿ ಮಗು ಕೊನೇಲೇ ಕೂರ್ಬೇಕಂತೆ.

ಇದನ್ನೆಲ್ಲ ಕನ್ನಡ ಕಲೀತಿರೋ ಒಬ್ಬ ಸಹೋದ್ಯೋಗಿ ಹತ್ರ ಗೋಳಾಡಿಕೊಂಡು, ನಮ್ಮ ಭಾಷೇಲಿ ಈ ಕಾಟ ಇಲ್ಲಪ್ಪ ಅಂತ ಜಂಭ ಕೊಚ್ಚಿದೆ. ಅವನು ಪಾಪ, 'ನಾಳೆ ಪ್ರೆಸೆಂಟೇಶನ್ನಲ್ಲಿ ನಾನು ನಿಮಗೆ ಕೈ ಕೊಡ್ತೀನಿ' ಅಂದ. ಎದೆ ಧಸಕ್ಕಂತು. ಹಾಗಲ್ಲ ಮಾರಾಯ, ಕೈ ಕೊಡೋದು ಅಂದ್ರೆ ಮೋಸ ಮಾಡೋದು, ಕೈ ಜೋಡಿಸ್ತೀನಿ ಅನ್ನು ಅಂದೆ. ಬರ್ಕೊಂಡ. 'ಕೈ ಮಾಡೋದು?' ಹೊಡೆಯೋದು. 'ಕೈ ಎತ್ತೋದು?' ಹೊಡೆಯೋದೂ ಆಗುತ್ತೆ, ನನ್ನಿಂದಾಗಲ್ಲ ಅನ್ನೋದೂ ಆಗುತ್ತೆ. 'ಕೈ ಹಿಡಿಯೋದು?' ಕಷ್ಟದಲ್ಲಿ ಕಾಪಾಡೋದು, ಇಲ್ಲಾಂದ್ರೆ ಮದ್ವೆ ಆಗೋದು.

ನೋಟ್‌ಬುಕ್ ಮುಚ್ಚಿ ನನಗೆ ಕೈ ಮುಗಿದ. ಅದನ್ನ ಮಾತ್ರ ಸರಿಯಾಗೇ ಮಾಡ್ದ.