ಗುಂ ಎನ್ನದ ಡಬ್ಬ

ಕಂಪ್ಯೂಟರಿನ ಸಬ್‌ವೂಫರ್, ಅಂದರೆ ತಗ್ಗಿನ ಸದ್ದು ಹೊರಡಿಸುವ ಸ್ಪೀಕರ್ ಡಬ್ಬ, ಕೆಟ್ಟಿದೆ ಅಂತ ಮನೆಯಲ್ಲಿ ಮೊದಲು ಗೊತ್ತಾಗಿದ್ದು ನನಗಲ್ಲ, ನನ್ನ ಹೆಂಡತಿಗೆ. ಅದೂ ಹಾಡು ಕೇಳಿ ಅಲ್ಲ. "ರೀ, ಲೋಟಗಳು ಯಾಕೋ ಸುಮ್ನಿವೆ" ಎಂದಳು.

ಮೈಸೂರು ಸರಸ್ವತಿಪುರಂನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮೇಜು ಇರುವುದು ಅಡುಗೆಮನೆ ಗೋಡೆಗೆ ಒತ್ತಿಕೊಂಡು. ಗೋಡೆಯ ಆ ಕಡೆ ಪಾತ್ರೆ ಸ್ಟ್ಯಾಂಡು. ಬೆಳಿಗ್ಗೆ ನಾನು ಕಛೇರಿ ಸಂಗೀತ ಹಾಕಿದರೆ ಅಲ್ಲಿ ಸ್ಟೀಲ್ ಲೋಟಗಳು ಝಿಣಿಝಿಣಿ ಶುರು ಮಾಡುತ್ತವೆ. ಅವಳು ಜಗಳ ಆಡಿ, ಸೋತು, ಕೊನೆಗೆ ಹಳೇ ಕ್ಯಾಲೆಂಡರ್ ಹಾಳೆ ಮಡಚಿ ಲೋಟಗಳ ನಡುವೆ ತುರುಕಿದ್ದಳು. ಆದರೂ ಒಂದೆರಡು ತಪ್ಪಿಸಿಕೊಂಡು ತಾಳ ಹಾಕುತ್ತಿದ್ದವು. ಆವತ್ತು ಒಂದೂ ಇಲ್ಲ.

ಅವಳು ಹೇಳಿದ ಮೇಲೆ ಕಿವಿಗೊಟ್ಟೆ. ಹೌದಲ್ವಾ! ಹಾಡು ಬರುತ್ತಿದೆ, ಪಿಟೀಲು ಬರುತ್ತಿದೆ, ಮೃದಂಗದವರಿಗೆ ಮಾತ್ರ ಎಡಗೈ ಇಲ್ಲ. ಕಛೇರಿಗೆ ಮುಂಚೆ ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತುತ್ತಾರಲ್ಲ, ಆ 'ಗುಂ' ಬರಲಿ ಅಂತಲೇ. ಇಲ್ಲಿ ರವೆ ಮೆತ್ತಿಯೂ ದಂಡ. ಬಲಗೈ ಒಂದೇ ಟಕಟಕ ಎಂದು ಬಾಗಿಲು ಬಡಿಯುತ್ತಿತ್ತು. ಇದನ್ನೇ ಎಷ್ಟು ದಿನದಿಂದ ತಲೆದೂಗಿಕೊಂಡು ಕೇಳುತ್ತಿದ್ದೆನೋ, ದೇವರೇ ಬಲ್ಲ.

ಈ ತಗ್ಗಿನ ಸದ್ದಿನ ಸ್ವಭಾವವೇ ಹಾಗೆ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಸಲ ಅದಿರುವ ಸದ್ದು ಕೇಳಿಸುತ್ತದೆ. ಕೆಳಗಿನ ತುದಿಯದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿಗೆ ಪತ್ತೆಯಾಗುವುದಿಲ್ಲ. ದಸರಾ ಹತ್ತಿರ ಬಂದಾಗ ಆನೆಗಳಿಗೆ ಫಿರಂಗಿ ಸದ್ದಿನ ತಾಲೀಮು ಮಾಡಿಸುತ್ತಾರಲ್ಲ, ಆಗ ಹತ್ತಿರ ಹೋಗಿ ನಿಂತಿದ್ದವರನ್ನು ಕೇಳಿ. ಕಿವಿ ಮುಚ್ಚಿಕೊಂಡರೂ ಅದು ಎದೆಗೆ ಬಂದು ಗುದ್ದುತ್ತದೆ. ದಿಕ್ಕಿನ ಹಂಗಿಲ್ಲದ್ದರಿಂದಲೇ ಸಬ್‌ವೂಫರ್‌ಗೆ ಮೇಜಿನ ಕೆಳಗೆ ಜಾಗ. ಚಂದದ ಪುಟ್ಟ ಸ್ಪೀಕರ್‌ಗಳೆರಡು ಮೇಲೆ ಕೂತು ಮೆರೆಯುತ್ತವೆ. ಟ್ರಾನ್ಸ್‌ಫಾರ್ಮರ್, ಬೋರ್ಡು, ಐಸಿ ಎಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಡಬ್ಬಕ್ಕೆ ಮಾತ್ರ ಪೊರಕೆ, ಒದ್ದೆ ಬಟ್ಟೆ ಮತ್ತು ನನ್ನ ಕಾಲು.

ಕಾಲು ಎಂದೆ. ನಿಜ ಹೇಳಬೇಕೆಂದರೆ ಒಂದು ತಿಂಗಳಿಂದ ಅದು ಆಗಾಗ ಮೂಕಾಗುತ್ತಿತ್ತು. ಕಾಲಲ್ಲಿ ಮೆಲ್ಲಗೆ ಒಮ್ಮೆ ತಿವಿದರೆ ಗುಂ ಎಂದು ಏಳುತ್ತಿತ್ತು. ಹಳೇ ಟಿವಿಯ ತಲೆ ಮೇಲೆ ತಟ್ಟಿ ಬೆಳೆದವರು ನಾವು. ತಟ್ಟಿದರೆ ಸರಿಹೋಗುವುದನ್ನು ಕೆಟ್ಟಿದೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪೇಟೆಯ ಒಂದು ಅಂಗಡಿಗೆ ಒಯ್ದರೆ, ಅವರು ಸ್ಕ್ರೂ ಕೂಡ ಬಿಚ್ಚದೆ "ಬೋರ್ಡ್ ಹೋಗಿದೆ, ಹೊಸದು ತಗೊಂಡ್ಬಿಡಿ" ಎಂದರು. ವಾಪಸ್ ತಂದೆ. ಶನಿವಾರ ಬೆಳಿಗ್ಗೆ ಪ್ಲಗ್ ಕಿತ್ತು, ಹಳೇ ಪೇಪರ್ ಹಾಸಿ, ನಾನೇ ಬಿಚ್ಚಲು ಕೂತೆ.

ಒಳಗಿನ ಗಾಳಿ ಆಡಿ 'ಗುಂ' ಗಟ್ಟಿಯಾಗಲಿ ಅಂತ ಡಬ್ಬದ ಪಕ್ಕದಲ್ಲಿ ಒಂದು ದುಂಡನೆ ತೂತು ಇರುತ್ತದೆ. ಅದರ ಮೂಲಕ ಒಳಗೆ ಹೋಗಿದ್ದವು: ಎರಡು ಜಿರಲೆ, ಒಂದು ರಬ್ಬರ್ ಬ್ಯಾಂಡು, ಮಗ ಮೂರನೇ ಕ್ಲಾಸಿನಲ್ಲಿ ಕಳೆದುಕೊಂಡು ಅತ್ತಿದ್ದ ಗೋಲಿ. ಅವನು ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ.

ಟ್ರಾನ್ಸ್‌ಫಾರ್ಮರ್ ಮೇಲೆ ಚೀಟಿ ಅಂಟಿಸಿದ್ದರು: 12 ವೋಲ್ಟ್, 2 ಆಂಪಿಯರ್. ಗುಣಿಸಿದರೆ 24 ವ್ಯಾಟ್. ಡಬ್ಬದ ಮೇಲೆ ಚಿನ್ನದ ಅಕ್ಷರದಲ್ಲಿ ಇದ್ದದ್ದು 1500 ವ್ಯಾಟ್, ಪಕ್ಕದಲ್ಲಿ ಪಿಎಂಪಿಒ, ಅಂದರೆ ಒಂದು ಕ್ಷಣದ ಗರಿಷ್ಠ ಶಕ್ತಿ, ಎಂಬ ಬಾಲ. ಆ ಬಾಲ ಅಂಟಿಸಿದರೆ ಯಾವ ಅಂಕಿ ಬೇಕಾದರೂ ಬರೆಯಬಹುದು ಅಂತ ಕಾಣುತ್ತದೆ. ಇದೇ ಮೈಸೂರಿನಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಿಂದ ಆಕಾಶವಾಣಿ ಶುರು ಮಾಡಿದರಲ್ಲ, ಆ ಟ್ರಾನ್ಸ್‌ಮಿಟರ್ 30 ವ್ಯಾಟಿನದು. ರೇಡಿಯೊ ವ್ಯಾಟು ಬೇರೆ, ಸ್ಪೀಕರ್ ವ್ಯಾಟು ಬೇರೆ, ಒಪ್ಪಿದೆ. ಆದರೂ ಊರಿಗೆ ಕೇಳಿಸಲು 30, ನಮ್ಮನೆ ಲೋಟ ಅಲ್ಲಾಡಿಸಲು 1500!

ಯೂಟ್ಯೂಬಿನಲ್ಲಿ ಎಲ್ಲರೂ ಮೊದಲು ಕೆಪಾಸಿಟರ್ ನೋಡಿ ಅನ್ನುತ್ತಾರೆ. ಕೆಟ್ಟಿದ್ದರೆ ತಲೆ ಪೂರಿಯ ಹಾಗೆ ಉಬ್ಬಿರುತ್ತದಂತೆ. ನಮ್ಮದರ ತಲೆ ಚಪ್ಪಟೆ. ಅಸಲಿಗೆ ಅದನ್ನು ನೋಡುವ ಅಗತ್ಯವೇ ಇರಲಿಲ್ಲ. ಪುಟ್ಟವೆರಡೂ ಹಾಡುತ್ತಿವೆ ಎಂದ ಮೇಲೆ ಫ್ಯೂಸು, ಟ್ರಾನ್ಸ್‌ಫಾರ್ಮರ್ ಎಲ್ಲ ನೆಟ್ಟಗಿವೆ ಎಂದೇ ಅರ್ಥ. ಉಳಿದದ್ದು ಸಬ್‌ವೂಫರ್‌ಗೆ ಸದ್ದು ದೊಡ್ಡದು ಮಾಡಿಕೊಡುವ ಐಸಿ, ಇಲ್ಲವೇ ಡಬ್ಬದೊಳಗಿನ ಸ್ಪೀಕರ್. ಇಷ್ಟು ತಿಳಿಯಲು ಒಂದು ಗಂಟೆ, ಎರಡು ಲೋಟ ಕಾಫಿ ಬೇಕಾಯಿತು.

ಸ್ಪೀಕರ್ ಬದುಕಿದೆಯಾ ಅಂತ ನೋಡಲು ಮೀಟರ್ ಬೇಕಿಲ್ಲ. ವೈರು ಬಿಚ್ಚಿ, ಅದರ ಎರಡು ಕಾಲಿಗೆ ಪೆನ್ಸಿಲ್ ಸೆಲ್ ತಾಗಿಸಿದರೆ ಸಾಕು. 'ಡುಬ್' ಅಂತ ಕಾಗದದ ಬಟ್ಟಲು ಕದಲಬೇಕು. ಹಾಲಿನಲ್ಲಿ ಅಮ್ಮನ ಕುರ್ಚಿ ಎದುರಿನ ಗಡಿಯಾರದಿಂದ ಸೆಲ್ ತೆಗೆದು ತಂದೆ. ತಾಗಿಸಿದೆ. ಸದ್ದಿಲ್ಲ. ತಿರುಗಿಸಿ ತಾಗಿಸಿದೆ. ಊಹೂಂ. ಹಾಗೇ ಹೆಬ್ಬೆರಳಿನಿಂದ ಬಟ್ಟಲನ್ನು ಒಂದು ಚೂರು ಒತ್ತಿದೆ ನೋಡಿ, ಡುಬ್! ಬೆರಳು ತೆಗೆದರೆ ಮತ್ತೆ ಮೌನ. ತಿಂಗಳಿಂದ ನನ್ನ ಕಾಲು ಮಾಡುತ್ತಿದ್ದದ್ದೂ ಇದೇ ವೈದ್ಯ.

ಸೆಲ್ಲನ್ನು ಜೇಬಿಗೆ ಹಾಕಿ, ಸ್ಪೀಕರ್ ಒಂದನ್ನೇ ಚೀಲದಲ್ಲಿಟ್ಟುಕೊಂಡು ಊಟ ಮುಗಿಸಿ ಶಿವರಾಂಪೇಟೆ ಕಡೆ ಹೊರಟೆ. ಅಲ್ಲೊಂದು ಓಣಿಯಲ್ಲಿ ರಿಪೇರಿ ಮಾಡುವ ಹಿರಿಯರು ಕನ್ನಡಕ ಏರಿಸಿ ಒಂದೇ ನೋಟ ನೋಡಿದರು. "ಜಡೆ ಕಟ್ಟಾಗಿದೆ ಸಾರ್" ಎಂದರು. ಸ್ಪೀಕರ್ ಕಾಲಿನಿಂದ ಬಟ್ಟಲಿಗೆ ಹೋಗುವ, ಜಡೆ ಹಾಗೆ ಹೆಣೆದ ತೆಳು ತಂತಿ. ನನ್ನ ಕಣ್ಣಿಗೆ ಇಡಿಯಾಗಿಯೇ ಇತ್ತು. ಸೂಜಿಯಲ್ಲಿ ಬಿಡಿಸಿ ತೋರಿಸಿದರು. ಬಾಗಲಿ ಅಂತ ಹತ್ತಿಯ ದಾರಕ್ಕೆ ತಾಮ್ರದ ಎಳೆ ಸುತ್ತಿರುತ್ತಾರೆ. ಬಟ್ಟಲಿಗೆ ಗೋಂದು ಅಂಟಿಸಿದ ಜಾಗದಲ್ಲಿ ತಾಮ್ರ ಮುರಿದಿತ್ತು, ದಾರ ಮಾತ್ರ ಹಿಡಿದುಕೊಂಡಿತ್ತು. "ಕುಣಿದೂ ಕುಣಿದೂ ಸುಸ್ತಾಗಿದೆ ಬಿಡಿ."

ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಸೆಕೆಂಡಿಗೆ 50 ಸಲ ಅದಿರಿದರೂ ಗಂಟೆಗೆ 1,80,000 ಸಲ. ನಾನು ಅದಕ್ಕೆ ಕಾಲಿನಲ್ಲಿ ಬೇರೆ ತಿವಿದಿದ್ದೇನೆ.

ಹೊಸ ಜಡೆ ಇಟ್ಟು ಬೆಸುಗೆ ಹಾಕುವಾಗ ಅವರು ಉಸಿರು ಕೂಡ ಬಿಡಲಿಲ್ಲ. ಕಾವು ಜಾಸ್ತಿಯಾದರೆ ಬಟ್ಟಲು ಸುಡುತ್ತದಂತೆ. "ಸ್ವಲ್ಪ ಸಡಿಲ ಬಿಡ್ಬೇಕು ಸಾರ್. ಬಿಗಿಯಾದ್ರೆ ಮತ್ತೆ ಕಟ್ಟಾಗುತ್ತೆ. ಜಾಸ್ತಿ ಬಿಟ್ರೆ ಪೇಪರ್‌ಗೆ ತಗಲಿ ಪಟಪಟ ಅನ್ನುತ್ತೆ." ನೂರಿಪ್ಪತ್ತು ರೂಪಾಯಿ ತೆಗೆದುಕೊಂಡರು.

ಮನೆಗೆ ಬಂದು, ಬೆವರಿದ ಅಂಗಿ ಬಿಚ್ಚಿ ಬಕೆಟ್ಟಿಗೆ ಹಾಕಿ, ಎಲ್ಲ ಜೋಡಿಸಿ ಹಾಡು ಹಾಕಿದೆ. ಮೃದಂಗದವರಿಗೆ ಎಡಗೈ ಬಂತು. ಗೋಡೆಯ ಆ ಕಡೆ ಲೋಟಗಳೂ ಎದ್ದವು. "ಶುರುವಾಯ್ತು" ಎಂದು ಅಡುಗೆಮನೆಯಿಂದ ಒಂದು ಮಾತು. ಕ್ಯಾಲೆಂಡರ್ ಹಾಳೆಗಳನ್ನು ಅವಳು ಆಗಲೇ ಬಿಸಾಕಿದ್ದಳಂತೆ.

ಹೊರಗೆ ಕತ್ತಲಾಗುತ್ತಿತ್ತು. ಹಾಲಿನಲ್ಲಿ ಅಮ್ಮ ಕುರ್ಚಿಯಲ್ಲಿ ಕೂತು ಗೋಡೆಯನ್ನೇ ನೋಡುತ್ತಿದ್ದಳು. ಗಡಿಯಾರದಲ್ಲಿ ಹನ್ನೊಂದು ಹತ್ತು.

"ಯಾಕೋ ಇವತ್ತು ಹೊತ್ತೇ ಹೋಗ್ತಿಲ್ಲ ಕಣೋ" ಎಂದಳು.

ಜೇಬು ಮುಟ್ಟಿಕೊಂಡೆ. ಬಚ್ಚಲಿನಲ್ಲಿ ಹೆಂಡತಿ ಬಕೆಟ್ಟಿಗೆ ನೀರು ಬಿಡುವ ಸದ್ದು ಕೇಳಿಸಿತು.