ಬ್ಯಾಟರಿ ನೀರು ಕುಡಿಯುವ ಗಿಡ

ಆ ವಿಡಿಯೊ ನಿಮಗೂ ಬಂದಿರುತ್ತೆ ಬಿಡಿ. ಹುಳ ತಿನ್ನುವ ಗಿಡ ಸಾಕಿ, ಸೊಳ್ಳೆ ಮಾಯ. ನಮ್ಮ ಪಕ್ಕದ ಮನೆ ರಾಯರಿಗೂ ಬಂತು. ವಾರದೊಳಗೆ ಗಿಡವೂ ಬಂತು. ವೀನಸ್ ಫ್ಲೈಟ್ರ್ಯಾಪ್. ಅಮೆರಿಕದ ಕ್ಯಾರೊಲಿನಾ ಕಡೆಯ ಜೌಗು ನೆಲದ್ದು. ಬಾಯಿ ನನ್ನ ಹೆಬ್ಬೆರಳಿನ ಉಗುರಿನಷ್ಟು.

ಜೊತೆಗೊಂದು ಚೀಟಿ. ಗೊಬ್ಬರ ಬೇಡವೇ ಬೇಡ. ಕುಂಡದ ಕೆಳಗೆ ತಟ್ಟೆಯಲ್ಲಿ ಸದಾ ನೀರು ನಿಂತಿರಬೇಕು. ನಲ್ಲಿ ನೀರಿನ ಲವಣ ಆಗಿಬರಲ್ಲ, ಡಿಸ್ಟಿಲ್ಡ್ ವಾಟರೇ ಆಗಬೇಕು. ಸರಿ, ಜುಲೈ ತಿಂಗಳ ಜಡಿಮಳೆಯಲ್ಲಿ ರಾಯರು ಕೊಡೆ ಹಿಡಿದು ಬ್ಯಾಟರಿ ಅಂಗಡಿಗೆ ಹೋದರು. ಐದು ಲೀಟರ್ ನೀರು ಕೊಂಡು ತಂದರು! ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಆಗುಂಬೆ ಇರೋದು ನಮ್ಮ ಇದೇ ಶಿವಮೊಗ್ಗ ಜಿಲ್ಲೆಯಲ್ಲಿ. ಆ ಗಿಡಕ್ಕೆ ಮಳೆನೀರಿಗಿಂತ ಒಳ್ಳೆಯದು ಬೇರೆ ಬೇಕಿಲ್ಲ. ಹೇಳಿದೆ. 'ಅದಕ್ಕೆ ಐಎಸ್‌ಐ ಮಾರ್ಕ್ ಎಲ್ಲಿದೆ ಮಾರಾಯ್ರೆ?' ಅಂದರು.

ಗಿಡದ ಜಾಣತನ ಮಾತ್ರ ಮೆಚ್ಚಬೇಕು. ಬಾಯೊಳಗಿನ ಕೂದಲನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಪಟ್ಟನೆ ಮುಚ್ಚುತ್ತೆ. ನಮ್ಮ ಬೀದಿಯ ಚರಂಡಿ ಅರ್ಜಿಯನ್ನು ನಾನು ನಾಲ್ಕು ಸಲ ಮುಟ್ಟಿಸಿದ್ದೇನೆ. ಚಪ್ಪಡಿ ಇನ್ನೂ ಮುಚ್ಚಿಲ್ಲ. ಗಿಡಕ್ಕೆ ಒಂದು ನೊಣ ಅರಗಲು ವಾರ, ಹತ್ತು ದಿನ ಬೇಕು. ಅಷ್ಟರಲ್ಲಿ ಚರಂಡಿಯ ಸೊಳ್ಳೆಮೊಟ್ಟೆಗೆ ರೆಕ್ಕೆ ಬಂದು, ರಾಯರ ಮನೆಯಲ್ಲಿ ಗೃಹಪ್ರವೇಶವೂ ಮುಗಿದಿರುತ್ತೆ.

ಚಳಿಗಾಲದಲ್ಲಿ ಅದು ಮೂರು ತಿಂಗಳು ಮಲಗಬೇಕಂತೆ. ನಮ್ಮ ಚಳಿ ಸಾಲದು. ಫ್ರಿಜ್ಜಿನಲ್ಲಿ, ದೋಸೆಹಿಟ್ಟಿನ ಪಕ್ಕ ಜಾಗ ಮಾಡುವ ಮಾತುಕತೆ ನಡೆದಿದೆ. ರಾಯರ ಮನೆಯವರು ಇನ್ನೂ ಒಪ್ಪಿಲ್ಲ.

ಅಂದಹಾಗೆ, ಇದರ ನೆಂಟರನ್ನು ನೋಡಲು ಪಾರ್ಸೆಲ್ ಬೇಕಿರಲಿಲ್ಲ. ಮಲೆನಾಡಿನ ಬ್ಯಾಣಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಜಂಬಿಟ್ಟಿಗೆ ಹಾಸಿನ ಮೇಲೆ ಡ್ರಾಸೆರಾ ತಾನಾಗಿ ಏಳುತ್ತೆ. ಕೆಂಪು ಎಲೆ, ತುದಿಯಲ್ಲಿ ಇಬ್ಬನಿಯಂಥ ಅಂಟು. ಕೂತ ಹುಳ ಏಳೋದಿಲ್ಲ. ನೆಲದಲ್ಲಿ ಸಾರಜನಕ ಸಾಲದೆ ಹುಳ ಹಿಡಿದು ಬದುಕೋದನ್ನು ಕಲಿತ ಗಿಡ ಅದು. ನಾವು ಅಂಥ ನೆಲಕ್ಕೇ ಖರಾಬು ಅಂತ ಹೆಸರಿಟ್ಟೆವು. ಕಲ್ಲು ಕಡಿದೆವು, ಅಕೇಶಿಯ ನೆಟ್ಟೆವು, ಸೈಟು ಮಾಡಿದೆವು. ಹೋದ ವರ್ಷ ಸೋದರಮಾವನ ಊರಿನ ಬ್ಯಾಣಕ್ಕೆ ಮಗಳನ್ನು ಕರೆದುಕೊಂಡು ಹೋದೆ, ಗಿಡ ತೋರಿಸೋಣ ಅಂತ. ಜೆಸಿಬಿ ತೋರಿಸಿಕೊಂಡು ಬಂದೆ. ಇದರಲ್ಲಿ ತಮಾಷೆ ಮಾಡಲು ನನಗೇನೂ ಉಳಿದಿಲ್ಲ ರೀ. ಸಾಕಾಗಿದೆ.

ಮೊನ್ನೆ ಡೆಂಗಿ ಸರ್ವೆಗೆ ಆಶಾ ಕಾರ್ಯಕರ್ತೆ ಬಂದಿದ್ದರು. ಡ್ರಮ್ಮು ನೋಡಿದರು, ತೆಂಗಿನ ಚಿಪ್ಪು ನೋಡಿದರು. ಕೊನೆಗೆ ರಾಯರ ಕುಂಡದ ತಟ್ಟೆಗೆ ಟಾರ್ಚ್ ಬಿಟ್ಟರು.

'ಸಾರ್, ಲಾರ್ವಾ ಇದೆ. ಚೆಲ್ಲಿಬಿಡಿ.'

'ಚೆಲ್ಲೋದಾ? ದುಡ್ಡು ಕೊಟ್ಟು ತಂದ ನೀರು ಕಣಮ್ಮ ಅದು!'