ಐದು ಕೋತಿ, ಒಂದು ಏಣಿ: ಕಥೆ ಸರಿ, ಪ್ರಯೋಗ ಎಲ್ಲಿ?

ಐದು ಕೋತಿಗಳ ಮೆಸೇಜ್ ನಿಮಗೂ ಬಂದಿರುತ್ತದೆ. ವಿಜ್ಞಾನಿಗಳ ಪ್ರಯೋಗವಂತೆ: ಒಂದು ಕೋತಿ ಬಾಳೆಹಣ್ಣಿಗಾಗಿ ಏಣಿ ಹತ್ತಿದರೆ ಎಲ್ಲಕ್ಕೂ ತಣ್ಣೀರು ಎರಚುತ್ತಾರೆ, ಹಾಗಾಗಿ ಹತ್ತಲು ಹೋದದ್ದನ್ನು ಉಳಿದವು ಹೊಡೆಯುತ್ತವೆ. ಆಮೇಲೆ ಹಳೆಯ ಕೋತಿಗಳನ್ನು ಒಂದೊಂದಾಗಿ ತೆಗೆದು ಹೊಸವನ್ನು ಬಿಡುತ್ತಾರೆ. ಕೊನೆಗೆ ನೀರನ್ನೇ ಕಾಣದ ಕೋತಿಗಳೂ ಹತ್ತಲು ಹೋದದ್ದನ್ನು ಹೊಡೆಯುತ್ತವೆ. ಸಮಾಜದ ರೂಢಿಗಳು ಉಳಿಯುವುದೂ ಹೀಗೇ ಅಂತ ತಾತ್ಪರ್ಯ. ಓದಲು ಮಜವಾಗಿದೆ, ನಾನೂ ಒಮ್ಮೆ ಕಳಿಸಿದ್ದೆ. ಆದರೆ ಹೀಗೊಂದು ಪ್ರಯೋಗ ನಡೆದ ದಾಖಲೆಯೇ ಇಲ್ಲ.

ಇದಕ್ಕೆ ಹತ್ತಿರದ್ದು 1967ರಲ್ಲಿ ಪ್ರಕಟವಾದ, ರೀಸಸ್ ಕೋತಿಗಳ ಮೇಲಿನ ಅಧ್ಯಯನ. ಅಲ್ಲಿ ಏಣಿಯೂ ಇಲ್ಲ, ತಣ್ಣೀರೂ ಇಲ್ಲ. ಒಂದು ವಸ್ತುವನ್ನು ಮುಟ್ಟಿದರೆ ರಪ್ಪನೆ ಗಾಳಿ ಹೊಡೆಯುತ್ತಿತ್ತು, ಅಷ್ಟೇ. ಹೀಗೆ ಹೆದರಿದ ಕೋತಿಯ ಜೊತೆ ಏನೂ ಗೊತ್ತಿಲ್ಲದ ಇನ್ನೊಂದನ್ನು ಬಿಟ್ಟರು. ಒಂದು ಗಂಡು ಕೋತಿ ಜೊತೆಗಾರನನ್ನು ಹಿಡಿದು ಎಳೆದದ್ದು ನಿಜ. ಎಲ್ಲ ಜೋಡಿಗಳಲ್ಲೂ ಹಾಗಾಗಲಿಲ್ಲ. ಹೊಸದರ ಧೈರ್ಯ ನೋಡಿ ಹಳೆಯದರ ಭಯ ಇಳಿದದ್ದೂ ಉಂಟು! ಮೆಸೇಜಿನಲ್ಲಿ ಈ ಭಾಗವೇ ಮಾಯ.

ಮನುಷ್ಯರಲ್ಲೂ ಅಷ್ಟೇ ಅಲ್ವಾ? ಮಕ್ಕಳು ದೊಡ್ಡವರನ್ನು ನೋಡಿ ಕಲಿಯುತ್ತಾರೆ, ಜೊತೆಗೆ ‘ಯಾಕೆ’ ಅಂತ ಪ್ರಾಣ ತಿನ್ನುತ್ತಾರೆ.

ಇಂಥ ಮೆಸೇಜುಗಳನ್ನು ಪರೀಕ್ಷಿಸುವುದು ಕಷ್ಟವಲ್ಲ. ಯಾರು ಮಾಡಿದ್ದು, ಯಾವ ವರ್ಷ, ಎಲ್ಲಿ ಪ್ರಕಟವಾಯಿತು ಅಂತ ನೋಡಿ. ಸುಮ್ನೆ ‘ವಿಜ್ಞಾನಿಗಳು’ ಅಂತಿದ್ದರೆ ಸ್ವಲ್ಪ ತಡೆಯಿರಿ. ಹೆಸರು ಸಿಕ್ಕರೆ ಮೂಲ ಲೇಖನ ಹುಡುಕಿ, ಎಷ್ಟು ಪ್ರಾಣಿಗಳಿದ್ದವು, ಏನು ಮಾಡಿದರು ಅನ್ನುವ ಭಾಗವನ್ನು ಮೊದಲು ಓದಿ.